ಚೌಕಾಬಾರದ ಮಣೆಯೂ ಗಣಕದ ಪಾಠವೂ

ಗಣಕಯಂತ್ರಕ್ಕೆ ಕ್ರಮವಿಧಿ ಬರೆಯುವ ವಿದ್ಯೆಯನ್ನು ಇಂದು ಬೋಧಿಸುತ್ತಿರುವ ರೀತಿಯನ್ನು ಕಂಡವರಿಗೆ ಅರ್ಥವರಿಯದ ಕಂಠಪಾಠವು ನೆನಪಾಗದಿರದು. ಕ್ಲಾಸ್ ಎಂದರೇನು, ಆಬ್ಜೆಕ್ಟ್ ಎಂದರೇನು, ಇನ್‌ಹೆರಿಟೆನ್ಸಿನ ಲಕ್ಷಣವೇನು ಎಂಬ ಪ್ರಶ್ನೆಗಳಿಗೆ ತಡವರಿಸದೆ ಉತ್ತರವನ್ನೊಪ್ಪಿಸಿ ಪೂರ್ಣಾಂಕ ಪಡೆದ ವಿದ್ಯಾರ್ಥಿಯು ಹತ್ತು ಸಾಲಿನ ಕ್ರಮವಿಧಿಯನ್ನು ಸ್ವತಂತ್ರವಾಗಿ ರಚಿಸಲಾರದೆ ನಿಲ್ಲುವುದುಂಟು. ಕನ್ನಡ ಮಾಧ್ಯಮದಿಂದ ಬಂದವನಾದರೆ, ಕೊರತೆಯು ತನ್ನ ಭಾಷೆಯದೆಂದೇ ಬಗೆದು ಆ ವಿದ್ಯೆಗೆ ವಿಮುಖನಾಗುತ್ತಾನೆ. ಇದು ಸಣ್ಣ ನಷ್ಟವಲ್ಲ.

ಈ ಪದ್ಧತಿಯ ಹುಟ್ಟನ್ನೇ ನೋಡಬಹುದು. ನಾರ್ವೆಯ ಓಸ್ಲೊ ನಗರದಲ್ಲಿ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಎಂಬ ಇಬ್ಬರು ವಿದ್ವಾಂಸರು 1960ರ ದಶಕದಲ್ಲಿ ‘ಸಿಮುಲಾ’ ಭಾಷೆಯನ್ನು ರೂಪಿಸಿದ್ದು ಲೋಕದ ವ್ಯವಹಾರಗಳನ್ನು ಗಣಕದಲ್ಲಿ ಅನುಕರಿಸುವುದಕ್ಕಾಗಿ. ಅನುಕರಣಕ್ಕೆಂದೇ ಜನಿಸಿದ ವಿದ್ಯೆಯನ್ನು, ಅನುಕರಿಸಲು ಏನೊಂದನ್ನೂ ಕೊಡದೆ ಕಲಿಸುವುದು ಈಜನ್ನು ಕರಿಹಲಗೆಯ ಮೇಲೆ ಕಲಿಸಿದಂತೆ.

ಚೌಕಾಬಾರವನ್ನು ಕೊಟ್ಟು ನೋಡಬೇಕು. ಇಪ್ಪತ್ತೈದು ಮನೆಗಳ ಮಣೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಸುತ್ತಿನ 16 ಮನೆ, ಒಳಸುತ್ತಿನ 8 ಮನೆ ದಾಟಿ ನಡುಮನೆಯನ್ನು ಸೇರಬೇಕು. ಇಲ್ಲಿಯ ನಾಮಪದಗಳೆಲ್ಲ ವಸ್ತುಗಳು. ಕ್ರಿಯಾಪದಗಳೆಲ್ಲ ಆ ವಸ್ತುಗಳ ಕರ್ಮಗಳು. ವ್ಯಾಕರಣ ಬಲ್ಲ ಬಾಲಕನಿಗೆ ಅರ್ಧ ಪಾಠ ಇಲ್ಲಿಗೇ ಮುಗಿಯಿತು.

ಕವಡೆಯ ವಿಚಾರವು ವಿಶೇಷವಾದುದು. ಅವಸರದ ವಿದ್ಯಾರ್ಥಿಯು 1, 2, 3, 4, 8 ಎಂಬ ಐದು ಸಂಖ್ಯೆಗಳಲ್ಲಿ ಒಂದನ್ನು ಆರಿಸೆಂದು ಗಣಕಕ್ಕೆ ಹೇಳಿಬಿಡುತ್ತಾನೆ. ಆಗ ಎಂಟು ಬಾರಿ ಬಾರಿ ಬೀಳತೊಡಗಿ, ಆಡಿ ಬಲ್ಲ ಅಜ್ಜಿಯೊಬ್ಬಳು ಇದು ಸುಳ್ಳಾಟವೆಂದು ಒಂದೇ ನೋಟಕ್ಕೆ ಹೇಳಿಯಾಳು. ಕವಡೆಯನ್ನೇ ಒಂದು ವಸ್ತುವಾಗಿಸಿ, ನಾಲ್ಕೂ ಬೇರೆ ಬೇರೆಯಾಗಿ ಅಂಗಾತವೋ ಬೋರಲೋ ಬೀಳುವಂತೆ ಮಾಡಿದರೆ ಲೆಕ್ಕವು ತಾನಾಗಿ ಸರಿಹೋಗುತ್ತದೆ. ಎರಡೂ ಬಗೆಗೆ ಸಮಾನ ಅವಕಾಶವೆಂದು ಹಿಡಿದರೆ, 16ರಲ್ಲಿ ಎರಡು ಬೀಳುವ ಅವಕಾಶ 6, ಎಂಟಕ್ಕೆ ಕೇವಲ 1. ವಸ್ತುವನ್ನು ಅದರ ಸ್ವಭಾವದಂತೆ ಬಿಟ್ಟರೆ ಫಲವೂ ಸ್ವಭಾವದಂತೆಯೇ ಬರುತ್ತದೆಂಬುದನ್ನು ಯಾವ ಲಕ್ಷಣವಾಕ್ಯವು ಇಷ್ಟು ಮನಗಾಣಿಸೀತು?

ಇನ್ನು ಗೆರೆ ಎಳೆದ ಕಟ್ಟೆಮನೆ. ಎಲ್ಲ ಮನೆಯಲ್ಲೂ ಎದುರಾಳಿಯ ಕಾಯನ್ನು ಹೊಡೆಯಬಹುದು, ಕಟ್ಟೆಮನೆಯಲ್ಲಿ ಕೂಡದು. ಉಳಿದ ಗುಣಗಳೆಲ್ಲ ಸಮಾನ. ಸಾಮಾನ್ಯ ಮನೆಯಿಂದ ಎಲ್ಲವನ್ನೂ ಪಡೆದು ಒಂದನ್ನು ಮಾತ್ರ ಬದಲಿಸಿಕೊಳ್ಳುವ ಈ ಕ್ರಮವು ವೈಯಾಕರಣರ ಉತ್ಸರ್ಗ-ಅಪವಾದಗಳನ್ನು ಓದಿದವರಿಗೆ ಹೊಸದೇನೂ ಅಲ್ಲ. ಹಾಗೆಂದು ಪಾಣಿನಿಯ ಬಳಿ ಗಣಕವಿತ್ತೆಂದು ಬೀಗುವ ಚಪಲವು ಬೇಡ. ಹಳೆಯ ಶಿಕ್ಷಣದಿಂದ ಹೊಸದಕ್ಕೆ ಮೆಟ್ಟಿಲೊಂದಿದೆ, ಅಷ್ಟೆ.

ಆಟದಲ್ಲಿ ಕಾಲಹರಣವಾಗಿ ಪಠ್ಯ ಉಳಿದೀತೆಂಬ ಆಕ್ಷೇಪಣೆಯುಂಟು. ಒಪ್ಪತಕ್ಕದ್ದೇ, ಆದರೆ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತನ್ನು ಪ್ರವೇಶಿಸಬಾರದೆಂಬ ನಿಯಮವನ್ನು ಕಾಯಿ ಅರಿತಿರಬೇಕೋ, ಆಟಗಾರನೋ, ಮಣೆಯೋ ಎಂದು ಇಬ್ಬರು ವಿದ್ಯಾರ್ಥಿಗಳು ವಾದಿಸುವ ಆ ಅರ್ಧಗಂಟೆಯು ವ್ಯರ್ಥವೆನ್ನುವವರು ಆ ವಿದ್ಯೆಯ ಮರ್ಮವನ್ನೇ ಕಂಡಿಲ್ಲ. ಊರಿಗೊಂದು ನಿಯಮವಿರುವ ಆಟವಿದು. ನಿಯಮಗಳನ್ನು ಒಂದೆಡೆ ಇರಿಸಿದವನು ಪಕ್ಕದೂರಿನ ಪದ್ಧತಿಗೆ ತನ್ನ ಆಟವನ್ನು ಕ್ಷಣದಲ್ಲಿ ಹೊಂದಿಸುತ್ತಾನೆ. ಎಲ್ಲೆಡೆ ಚೆಲ್ಲಿದವನು ಮೊದಲಿನಿಂದ ಬರೆಯುತ್ತಾನೆ.

ಇದಕ್ಕೆ ಹೊಸ ಯಂತ್ರಗಳು ಬೇಕಿಲ್ಲ. ಶಾಲೆಗಳಿಗೆ ಗಣಕಗಳನ್ನು ಕೊಡಿಸುವ ಉದಾರಿಗಳು, ಅಧ್ಯಾಪಕರು ರಜೆಯ ಹದಿನೈದು ದಿನ ಒಟ್ಟಿಗೆ ಕುಳಿತು ಒಂದು ಚೌಕಾಬಾರವನ್ನು ತಾವೇ ರಚಿಸಿ ಮುಗಿಸುವ ವೆಚ್ಚವನ್ನೂ ವಹಿಸಿಕೊಳ್ಳುವುದಾದರೆ ಬರುವ ವರ್ಷದ ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು.