ಹೊಸ ಮನೆಯ ನಳವೂ ಹಳೆಯ ಸೋಸುಬಟ್ಟೆಯೂ

ಮಳೆಗಾಲ ಮುಗಿಯುತ್ತಲೇ ನಮ್ಮ ಸೋಲಾಪುರ, ಅಕ್ಕಲಕೋಟ, ಜತ್ತ ಭಾಗದಲ್ಲಿ ಮನೆ ಕಟ್ಟುವ ಹಂಗಾಮು ಶುರುವಾಗುತ್ತದೆ. ಫರಸಿ, ಬಣ್ಣ, ಬಾಗಿಲುಗಳ ವಿಚಾರಕ್ಕೆ ಮನೆಮಂದಿಯೆಲ್ಲ ಕೂಡುತ್ತಾರೆ. ನೀರಿನ ಪೈಪಿನ ಮಾತು ಬಂದಾಗ ಮಾತ್ರ ‘ಅದನ್ನು ಪ್ಲಂಬರನಿಗೆ ಬಿಡಿ’ ಎಂದುಬಿಡುತ್ತೇವೆ. ನಳದ ನೀರು ಸರದಿಯ ಮೇಲೆ ಬರುವ ಊರುಗಳು ನಮ್ಮವು. ಈ ತಿಂಗಳು ಅದನ್ನೇ ವಿಚಾರಿಸೋಣ.

ತುಕ್ಕು ಹಿಡಿಯುತ್ತಿದ್ದ ಕಬ್ಬಿಣದ ಪೈಪು ಹೋಗಿ ಪ್ಲಾಸ್ಟಿಕ್ ಬಂದದ್ದು ಒಳ್ಳೆಯದೇ ಆಯಿತು. ಆದರೆ ಬಿಸಿನೀರಿಗೆ ಸಾದಾ ಪಿವಿಸಿ ಸಲ್ಲದು, ಸಿಪಿವಿಸಿಯೇ ಬೇಕು. ಶೌಚಾಲಯದ ಹಳೆಯ ಟಾಕಿ ಒಮ್ಮೆಗೆ 10 ಲೀಟರಿಗೂ ಹೆಚ್ಚು ಸುರಿಯುತ್ತಿತ್ತು. ಎರಡು ಗುಂಡಿಯ ಹೊಸ ಟಾಕಿ 3 ಅಥವಾ 6 ಲೀಟರಿನಲ್ಲಿ ಕೆಲಸ ಮುಗಿಸುತ್ತದೆ. ಇದನ್ನು ಹಾಕಿಸಲು ಎರಡು ಸಲ ಯೋಚಿಸಬೇಕಿಲ್ಲ.

ಯೋಚಿಸಬೇಕಾದದ್ದು ಆರ್.ಓ. ಯಂತ್ರದ ಬಗ್ಗೆ. ಮನೆಯ ಸಾಮಾನ್ಯ ಯಂತ್ರ ಒಂದು ಲೀಟರ್ ಕುಡಿಯುವ ನೀರು ಕೊಡಲು ಸುಮಾರು 3 ಲೀಟರ್ ಹೊರಗೆ ಚೆಲ್ಲುತ್ತದೆ. ವ್ಯಾಪಾರಸ್ಥರಾದ ನಾವು ಇದರ ಜಮಾಖರ್ಚು ಹಾಕದೆ ಬಿಡುವುದೆಂತು? ಕುಡಿಯಲು, ಅಡಿಗೆಗೆ ದಿನಕ್ಕೆ 20 ಲೀಟರ್ ಎಂದರೆ 60 ಲೀಟರ್ ಗಟಾರಿಗೆ. ವರುಷಕ್ಕೆ ಸುಮಾರು 22,000 ಲೀಟರ್. 2016ರ ಬೇಸಿಗೆಯಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋದದ್ದು ನಮಗೆಲ್ಲ ನೆನಪಿದೆ. ಮೊದಲ ಗಾಡಿ ಒಯ್ದದ್ದು ಸುಮಾರು 5 ಲಕ್ಷ ಲೀಟರ್. ಇಂಥ 23 ಮನೆಗಳು ವರುಷದಲ್ಲಿ ಚೆಲ್ಲಿದ್ದು ಅಷ್ಟೇ ಆಗುತ್ತದೆ.

ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಆರ್.ಓ. ಬೇಡವೆಂಬ ಧೋರಣೆಯನ್ನೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ತಳೆಯಿತು. ಲವಣ ಅಳೆಯುವ ಸಣ್ಣ ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ರೋಗಾಣುವನ್ನಾಗಲಿ ಫ್ಲೋರೈಡನ್ನಾಗಲಿ ತೋರಿಸದು, ಅದಕ್ಕೆ ಪ್ರಯೋಗಶಾಲೆಯ ಪರೀಕ್ಷೆಯೇ ಬೇಕು. ಲವಣ ಕಡಿಮೆಯಿದ್ದು ರೋಗಾಣುವಿನ ಭಯವಷ್ಟೇ ಇದ್ದರೆ ನೀರು ಚೆಲ್ಲದ ಯು.ವಿ. ಯಂತ್ರ ಸಾಕು. ಬೋರಿನ ಉಪ್ಪುನೀರಿಗೆ ಆರ್.ಓ. ಅನಿವಾರ್ಯವಾದರೆ ಹೊರಬೀಳುವ ನೀರಿಗೆ ಬೇರೆ ಪೈಪು ಹಾಕಿಸಿ, ನೆಲ ಒರೆಸಲು, ಶೌಚಕ್ಕೆ ಒದಗುವಂತೆ ಮಾಡಿರಿ. ಗಿಡಗಳಿಗೆ ಆ ಉಪ್ಪು ಒಗ್ಗದೆ ಇರಬಹುದು.

‘ಯಂತ್ರ ಬಂದ ಮೇಲೆ ಸೋಸುಬಟ್ಟೆ ಏಕೆ?’ ಎಂದು ಸೊಸೆಯಂದಿರು ಕೇಳುವುದುಂಟು. ಪ್ರಶ್ನೆ ತಪ್ಪಲ್ಲ. ಯಂತ್ರವಿರುವುದು ನಮ್ಮ ಆರೋಗ್ಯಕ್ಕೆ; ಬಟ್ಟೆಯಿರುವುದು ನೀರಿನಲ್ಲಿರುವ ಜೀವಗಳ ಸಲುವಾಗಿ. ಎರಡು ಪದರಿನ ಬಟ್ಟೆಯಲ್ಲಿ ಸೋಸಿ, ಉಳಿದುದನ್ನು ಅದೇ ಬಾವಿಗೆ ಮರಳಿ ಬಿಡುವುದು ಹಿರಿಯರ ಪದ್ಧತಿ. ಕೊಳವೆಬಾವಿಯಲ್ಲಿ ಆ ದಾರಿ ಮುಚ್ಚಿದೆ; ಈ ಬಗ್ಗೆ ತಮ್ಮೂರಿನ ಪಂಡಿತರನ್ನು ಕೇಳಿ ನಡೆಯುವುದು ಲೇಸು. ಮಾಳಿಗೆಯ ಟಾಕಿಯ ಬಾಯಿಗೆ ಬಟ್ಟೆ ಕಟ್ಟಿ ನಿಶ್ಚಿಂತರಾಗುವವರೂ ಇದ್ದಾರೆ. ಸೋಸಿದ ನೀರಿನ ಅವಧಿ ಒಂದು ಮುಹೂರ್ತ, ಅಂದರೆ 48 ನಿಮಿಷ. ಟಾಕಿಯಲ್ಲಿ ದಿನಗಟ್ಟಲೆ ನಿಂತ ನೀರಿಗೆ ಆ ಬಟ್ಟೆ ಏನು ಮಾಡೀತು? ಸೋಸುವುದು ಬಳಸುವ ಜಾಗದಲ್ಲೇ ಆಗಬೇಕು. ಆದ್ದರಿಂದ ಅಡಿಗೆಮನೆಯ ನಳ ಎತ್ತರವಾಗಿದ್ದು, ಕೆಳಗೆ ಕೊಡವಿಟ್ಟು ಬಟ್ಟೆ ಹಾಸುವಷ್ಟು ಜಾಗವಿರಲಿ. ಈಗಿನ ಬಾಗಿದ ಕತ್ತಿನ ನಳ ಇದಕ್ಕೆ ಅನುಕೂಲ. ಹೊಸ ನಳಗಳ ಬಾಯಿಯ ಜಾಳಿಗೆ ನೀರಿಗೆ ಗಾಳಿ ಬೆರೆಸಿ ಧಾರೆ ಕಡಿಮೆ ಮಾಡುವುದಷ್ಟೇ, ಅದು ಸೋಸುಬಟ್ಟೆಯಲ್ಲ. ಕೈ ತೊಳೆಯುವಲ್ಲಿ ಅದು ನೀರು ಉಳಿಸುತ್ತದೆ. ಕೊಡ ತುಂಬುವಲ್ಲಿ ಉಳಿಸುವುದು ಏನೂ ಇಲ್ಲ.

ಸೋಲಾರ್ ಹಾಕಿಸುವವರು ಒಂದು ಮಾತು ಲಕ್ಷಿಸಿರಿ. ಮಾಳಿಗೆಯಿಂದ ಬಚ್ಚಲಿಗೆ ಮುಕ್ಕಾಲು ಇಂಚಿನ ಪೈಪು 30 ಅಡಿ ಇದ್ದರೆ ಅದರೊಳಗೆ ಸುಮಾರು ಎರಡೂವರೆ ಲೀಟರ್ ತಣ್ಣೀರು ನಿಂತಿರುತ್ತದೆ. ಬಿಸಿನೀರು ಬರುವ ತನಕ ಅದು ಮೋರಿಗೆ ಹೋಗುತ್ತದೆ. ಬಚ್ಚಲುಗಳನ್ನು ಒಂದರ ಮೇಲೊಂದು ಬರುವಂತೆ ಕಟ್ಟಿಸಿ, ಪೈಪು ಗಿಡ್ಡವಾಗಲಿ. ತಟ್ಟೆಯಗಲದ ಶವರು ಅತಿಥಿಗಳ ಕಣ್ಣಿಗೆ ಚಂದ. ಸ್ನಾನಕ್ಕೆ ಒಂದು ಬಕೆಟ್ ನೀರು ಇಂದಿಗೂ ಸಾಕು.

ಟಾಕಿ ತುಂಬಿದಾಗ ತಾನೇ ಮೋಟರು ನಿಲ್ಲಿಸುವ ಸಾಧನ ಅವಶ್ಯ ಕೊಳ್ಳಿರಿ. ಮೊಬೈಲಿಗೆ ಸುದ್ದಿ ಮುಟ್ಟಿಸುವ ನಳಗಳ ಅವಸರವಿಲ್ಲ. ಗೋಡೆಯೊಳಗೆ ಪೈಪು ಹುಗಿಸುವವರು ಗಿಲಾವು ಮಾಡುವ ಮೊದಲು ಒಂದು ಇಡೀ ದಿನ ನೀರು ಒತ್ತಿ ನಿಲ್ಲಿಸಿ ಸೋರಿಕೆ ನೋಡಲಿ, ಪ್ರತಿಯೊಂದು ಗೋಡೆಯ ಫೋಟೋ ತೆಗೆದು ಮನೆಯ ಕಾಗದಪತ್ರಗಳ ಜೊತೆಗಿಡಲಿ.