ಅಂಕಿ ಬದಲಿಸಿದ ಸ್ಕ್ಯಾನರ್ ಕಲಿಸಿದ ಪಾಠ

ಸ್ಕ್ಯಾನ್ ಆದ ಪ್ರತಿ ಮೂಲ ದಾಖಲೆಗೆ ಸಮಾನವೇ? ಭೂ ಸುರಕ್ಷಾ ಯೋಜನೆಯಡಿ ರಾಜ್ಯದ ತಾಲ್ಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು ಡಿಜಿಟಲ್ ರೂಪಕ್ಕೆ ತರುವ ಕಾರ್ಯ ಕೈಗೊಂಡಿರುವ ಸಂದರ್ಭದಲ್ಲಿ ಈ ಪ್ರಶ್ನೆಗೆ ಮಹತ್ವವಿದೆ. ಜರ್ಮನಿಯ ಅನುಭವವೊಂದು ಇಲ್ಲಿ ಗಮನಾರ್ಹ.

2013ರ ಜುಲೈನಲ್ಲಿ ಅಲ್ಲಿನ ಸಂಸ್ಥೆಯೊಂದು ಕಟ್ಟಡದ ನಕ್ಷೆಯನ್ನು ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿತು. ಮೂಲದಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11 ಹಾಗೂ 17.42 ಚದರ ಮೀಟರ್. ಪ್ರತಿಯಲ್ಲಿ ಮೂರೂ 14.13! ಇದನ್ನು ಪರಿಶೀಲಿಸಿದ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್, ಬೇರೆ ದಾಖಲೆಯಲ್ಲಿ 6 ಇದ್ದೆಡೆ 8 ಮೂಡಿರುವುದನ್ನೂ ತೋರಿಸಿಕೊಟ್ಟರು.

ದೋಷವಿದ್ದುದು ಕಡತದ ಗಾತ್ರ ಕುಗ್ಗಿಸುವ ವಿಧಾನದಲ್ಲಿ. ಜೆಬಿಐಜಿ2 ಎಂಬ ಈ ಕಂಪ್ರೆಷನ್ ಕ್ರಮದಲ್ಲಿ ಒಂದೇ ರೀತಿ ಕಾಣುವ ಅಕ್ಷರ, ಅಂಕಿಗಳ ಚಿತ್ರವನ್ನು ಒಮ್ಮೆ ಮಾತ್ರ ಉಳಿಸಿಕೊಂಡು, ಅದನ್ನೇ ಎಲ್ಲೆಡೆ ಬಳಸಬಹುದು. ಸಣ್ಣ ಅಕ್ಷರಗಳಲ್ಲಿ 6 ಮತ್ತು 8ರ ನಡುವಿನ ವ್ಯತ್ಯಾಸ ಯಂತ್ರಕ್ಕೆ ನಗಣ್ಯವೆನಿಸಿತು. ಛಾಯಾಚಿತ್ರಗಳಿಗೆ ಬಳಸುವ ಜೆಪೆಗ್ ಕ್ರಮದಲ್ಲೂ ಮಾಹಿತಿ ನಷ್ಟವಾಗುತ್ತದೆ. ಆದರೆ ನಷ್ಟ ಹೆಚ್ಚಿದಾಗ ಚಿತ್ರ ಮಸುಕಾಗಿ, ನೋಡುವವರಿಗೆ ಸಂಶಯ ಮೂಡುತ್ತದೆ. ಇಲ್ಲಿ ತಪ್ಪು ಅಂಕಿಯೂ ಸ್ಫುಟವಾಗಿಯೇ ಇತ್ತು.

ಯಂತ್ರದ ಮೂಲ ಹೊಂದಾಣಿಕೆ ಬದಲಿಸದಿದ್ದರೆ ತೊಂದರೆಯಿಲ್ಲ ಎಂದು ಮೊದಲಿಗೆ ಹೇಳಿದ್ದ ಕಂಪನಿ, ಹೆಚ್ಚಿನ ಗುಣಮಟ್ಟದ ಆಯ್ಕೆಯಲ್ಲೂ ದೋಷವಿರುವುದನ್ನು ಬಳಿಕ ಒಪ್ಪಿಕೊಂಡು ತಂತ್ರಾಂಶವನ್ನು ಸರಿಪಡಿಸಿತು. ಆ ವೇಳೆಗೆ ದೋಷಕ್ಕೆ ಸುಮಾರು ಎಂಟು ವರ್ಷ ವಯಸ್ಸಾಗಿತ್ತು. ಆ ಅವಧಿಯ ಪ್ರತಿಗಳನ್ನು ತಿದ್ದಲು ಯಾವ ತಂತ್ರಾಂಶಕ್ಕೂ ಸಾಧ್ಯವಿಲ್ಲ. ಕಡತದಿಂದ ಅಳಿಸಿಹೋದ ಅಂಕಿ ಮೂಲ ಕಾಗದದಲ್ಲಲ್ಲದೆ ಬೇರೆಲ್ಲೂ ಸಿಗದು. 2015ರಲ್ಲಿ ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್‌ನ ನಿಯಂತ್ರಕರು ದಾಖಲೆ ಸಂರಕ್ಷಣೆಗೆ ಜೆಬಿಐಜಿ2 ಬಳಕೆಯನ್ನು ನಿರ್ಬಂಧಿಸಿದರು.

ರಾಜ್ಯದ ಭೂದಾಖಲೆಗಳಲ್ಲಿ ಇಂಥ ದೋಷ ನುಸುಳಿದೆ ಎಂದು ಇದರ ಅರ್ಥವಲ್ಲ. ಆದರೆ ಸರ್ವೆ ನಂಬರಿನ ಒಂದು ಅಂಕಿ ಬದಲಾದರೆ ಜಮೀನೇ ಬೇರೆಯಾಗುತ್ತದೆ. ಗುಂಟೆಯ ಲೆಕ್ಕ ತಪ್ಪಿದರೆ ರೈತ ನ್ಯಾಯಾಲಯಕ್ಕೆ ಅಲೆಯಬೇಕಾಗುತ್ತದೆ. ಆದ್ದರಿಂದ ದಾಖಲೆಗಳಿಗೆ ಮಾಹಿತಿ ನಷ್ಟವಾಗದ ಕಂಪ್ರೆಷನ್ ವಿಧಾನವನ್ನೇ ಕಡ್ಡಾಯಗೊಳಿಸುವುದು, ಪ್ರತಿಗಳನ್ನು ಆಯ್ದು ಮೂಲದೊಡನೆ ತಾಳೆ ನೋಡುವುದು ಅಗತ್ಯ. ಶೇಖರಣಾ ವೆಚ್ಚ ಅಗ್ಗವಾಗಿರುವ ಈ ದಿನಗಳಲ್ಲಿ ಕಡತದ ಗಾತ್ರ ಉಳಿಸಲು ದಾಖಲೆಯ ಸತ್ಯವನ್ನು ಪಣಕ್ಕಿಡಬೇಕಿಲ್ಲ. ಸ್ಕ್ಯಾನಿಂಗ್ ಮುಗಿಯಿತೆಂದು ಮೂಲ ಕಾಗದವನ್ನು ಕಸಕ್ಕೆ ಹಾಕುವ ಆತುರವಂತೂ ಸಲ್ಲದು.