ಅಕ್ಕಿ ಡಬ್ಬದೊಳಗಿನ ಬಾಟಲಿ

1/7
ಫೋಟೋದಲ್ಲಿರೋದು ನಮ್ಮ ಮನೆ ಅಕ್ಕಿ ಡಬ್ಬ. ಅಮೆರಿಕಕ್ಕೆ ಎಂ.ಎಸ್. ಮಾಡೋಕೆ ಬಂದ ನಾಲ್ಕು ಜನ ಕನ್ನಡದ ಹುಡುಗರು ಒಟ್ಟಿಗೆ ಇದ್ದೀವಿ, ದಿನಕ್ಕೊಬ್ಬರು ಅಡುಗೆ. ಹೋದ ಶನಿವಾರ ಅಡುಗೆ ಸರದಿ ಇದ್ದವನು ಅನ್ನಕ್ಕಿಡೋಣ ಅಂತ ಡಬ್ಬಕ್ಕೆ ಕೈ ಹಾಕಿದ. ಲೋಟದ ಬದಲು ಕೈಗೆ ಸಿಕ್ಕಿದ್ದು ಒಂದು ಸ್ಮಿರ್ನಾಫ್ ಐಸ್ ಬಾಟಲಿ. ಹಿಂದೆ ನಿಂತಿದ್ದ ಮೂರೂ ಜನ ಕಿರುಚಿದ್ವಿ, "ಐಸ್ಡ್!" ಅಂತ. ಅವನು ಮಂಡಿಯೂರಿ ಕುಡಿದ. ವಿಡಿಯೋ ಮಾಡಿದವನು ನಾನೇ. ನಿಮ್ಮಲ್ಲಿ ತುಂಬಾ ಜನ ಅದನ್ನ ನೋಡಿ ನಕ್ಕಿದ್ರಿ. ಈಗ ಡಿಲೀಟ್ ಮಾಡಿದ್ದೀನಿ. ಯಾಕೆ ಅನ್ನೋದಕ್ಕೆ ಈ ಏಳು ಸ್ಲೈಡ್. ಉದ್ದ ಇದೆ, ಆದ್ರೂ ಓದಿ.

2/7
ಆಟ ಗೊತ್ತಿಲ್ಲದವರಿಗೆ: ಇದರ ಹೆಸರು 'ಐಸಿಂಗ್'. ಬಾಟಲಿನ ಎಲ್ಲಾದ್ರೂ ಬಚ್ಚಿಡಬೇಕು. ಬ್ಯಾಗಲ್ಲಿ, ಶೂ ಒಳಗೆ, ಗಿಫ್ಟ್ ಬಾಕ್ಸಲ್ಲಿ, ಎಲ್ಲಾದ್ರೂ ಸರಿ. ಯಾರ ಕಣ್ಣಿಗೆ ಬೀಳುತ್ತೋ ಅವರು ಅಲ್ಲೇ ಒಂದು ಮಂಡಿಯೂರಿ ಪೂರ್ತಿ ಖಾಲಿ ಮಾಡಬೇಕು. 2010ರಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಇದು ಕಾಡ್ಗಿಚ್ಚಿನ ಥರ ಹಬ್ಬಿತು. ಇದಕ್ಕೇ ಅಂತ ಒಂದು ವೆಬ್‌ಸೈಟ್ ಇತ್ತು, ಅದು ಅದೇ ವರ್ಷ ಜೂನಲ್ಲಿ ಮುಚ್ಚಿತು. ಸ್ಮಿರ್ನಾಫ್ ತಯಾರಿಸೋ ಡಿಯಾಜಿಯೋ ಕಂಪನಿ, ಈ ಆಟಕ್ಕೂ ನಮಗೂ ಸಂಬಂಧ ಇಲ್ಲ ಅಂತು. ಸೈಟ್ ಹೋಯ್ತು, ಆಟ ಉಳೀತು. ನಮ್ಮ ಅಕ್ಕಿ ಡಬ್ಬದವರೆಗೂ ಬಂತು.

3/7
ಇದರಲ್ಲಿ ತಪ್ಪಿಸಿಕೊಳ್ಳೋಕೆ ಒಂದೇ ದಾರಿ. ನಿಮ್ಮ ಹತ್ರಾನೂ ಒಂದು ಬಾಟಲಿ ಇದ್ರೆ ಅದನ್ನ ತೆಗೆದು ತೋರಿಸಬಹುದು. ಅದಕ್ಕೆ 'ಐಸ್ ಬ್ಲಾಕ್' ಅಂತಾರೆ. ಆಗ ಬಚ್ಚಿಟ್ಟವನೇ ಎರಡನ್ನೂ ಕುಡೀಬೇಕು. ಕೇಳೋಕೆ ಮಜಾ ಇದೆ ಅಲ್ವಾ? ಒಂದು ನಿಮಿಷ ಯೋಚನೆ ಮಾಡಿ. ಕುಡಿಯೋದು ಬೇಡ ಅನ್ನೋನು ಏನು ಮಾಡಬೇಕು? ತಾನೇ ದುಡ್ಡು ಕೊಟ್ಟು ಬಾಟಲಿ ತಂದು ದಿನವಿಡೀ ಜೇಬಲ್ಲಿ ಇಟ್ಕೊಂಡು ಓಡಾಡಬೇಕು! ಬರೀ ಬಾಯಲ್ಲಿ "ಬೇಡ" ಅಂದ್ರೆ ಈ ಆಟದಲ್ಲಿ ಅದಕ್ಕೆ ಬೆಲೆಯೇ ಇಲ್ಲ. ನನ್ನ ತಕರಾರು ಇರೋದು ಇಲ್ಲೇ. ಬೇರೆ ಆಟಕ್ಕೆ ಕರೆದಾಗ "ನಾ ಬರಲ್ಲ ಕಣೋ" ಅನ್ನಬಹುದು. ಇದಕ್ಕೆ ಯಾರೂ ಕರೆಯೋದೇ ಇಲ್ಲ. ಅನ್ನ ಮಾಡೋಕೆ ಹೋದವನು ಆಟದೊಳಗೆ ಬಿದ್ದಿರ್ತಾನೆ.

4/7
ಅದೇ ಡ್ರಿಂಕ್ ಯಾಕೆ ಅಂತ ಕೇಳಿದ್ದೀರಾ? ಸಿಹಿಯಾಗಿರುತ್ತೆ, ಅದಕ್ಕೆ "ಹುಡುಗೀರ ಡ್ರಿಂಕ್" ಅಂತ ಇಲ್ಲಿನ ಹುಡುಗರು ಆಡ್ಕೋತಿದ್ರು. ಗಂಡಸನ್ನ ಮಂಡಿಯೂರಿಸಿ ಹುಡುಗೀರದ್ದು ಕುಡಿಸೋದು, ಜೋಕ್ ಅಂದ್ರೆ ಅಷ್ಟೇ. ಅಂದ್ರೆ ಹುಡುಗಿ ಥರ ಆಗೋದೇ ಅವಮಾನ ಅಂತ. ನನ್ನ ಕ್ಲಾಸಿನ ಹುಡುಗೀರೂ ವಿಡಿಯೋಗೆ ನಗೋ ಎಮೋಜಿ ಹಾಕಿದ್ರಿ. ತಪ್ಪು ನಿಮ್ಮದಲ್ಲ, ಹಾಕಿಸಿದ್ದು ನಾನು. ಆದ್ರೆ ನಗ್ತಾ ಇದ್ದದ್ದು ಯಾರ ಮೇಲೆ ಅಂತ ಒಮ್ಮೆ ನೋಡಿ.

5/7
"ಲೇ, ಒಂದು ಬಾಟಲಿಗೆ ಏನಾಗುತ್ತೋ? ಓವರ್ ಆಕ್ಟಿಂಗ್ ಮಾಡ್ಬೇಡ." ಇದು ನನಗೆ ಬಂದ ಮೊದಲ ಮೆಸೇಜ್. ಸರಿ, ಒಪ್ಪಿದೆ. ಒಂದು ಬಾಟಲಿಯಲ್ಲಿರೋ ಆಲ್ಕೋಹಾಲ್ ಬಿಯರಿನಷ್ಟೇ, ಶೇ. 5ರ ಆಸುಪಾಸು. ಅದರಿಂದ ಯಾರೂ ಸಾಯಲ್ಲ. ಆದ್ರೆ ನಮ್ಮ ರೂಮ್‌ಮೇಟ್ ಅಲ್ಲಿವರೆಗೂ ಒಂದು ಹನೀನೂ ಮುಟ್ಟಿರಲಿಲ್ಲ. ಯಾಕೆ ಅಂತ ಅವನು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ದೇವರು, ಮಾತ್ರೆ, ಮನೆ ಕಥೆ, ಏನೋ ಒಂದು ಇರಬಹುದು. ಏನೂ ಇಲ್ಲದೇನೂ ಇರಬಹುದು. ಕುಡಿಯದೇ ಇರೋಕೆ ನಮಗೆ ಕಾರಣ ಕೊಡಬೇಕು ಅಂತ ಎಲ್ಲಿದೆ? ಅವತ್ತು ರಾತ್ರಿ ಪಾತ್ರೆ ತೊಳೀತಾ ಕೇಳಿದೆ, "ಬೇಜಾರಾಯ್ತೇನೋ? ಬೇಡ ಅಂತ ಹೇಳಬಹುದಿತ್ತಲ್ಲ?" ಅವನು ನಲ್ಲಿ ನಿಲ್ಲಿಸಿ ಕೇಳಿದ: "ಬೇಡ ಅಂದಿದ್ರೆ ಬಿಡ್ತಿದ್ರಾ?" ನನ್ನ ಹತ್ರ ಉತ್ತರ ಇರಲಿಲ್ಲ. ಮೂರು ಜನ, ಒಂದು ಕ್ಯಾಮೆರಾ. ನಾವು ಬಿಡ್ತಿರಲಿಲ್ಲ, ಅದು ಅವನಿಗೂ ಗೊತ್ತಿತ್ತು.

6/7
"ಬೇಡ" ಅನ್ನೋಕಾಗದ ಆಟ ಒಂದು ಬಾಟಲಿಗೇ ನಿಲ್ಲುತ್ತೆ ಅನ್ನೋ ಗ್ಯಾರಂಟಿ ಇಲ್ಲ. 2014ರಲ್ಲಿ 'ನೆಕ್‌ನಾಮಿನೇಟ್' ಅಂತ ಫೇಸ್‌ಬುಕ್ ತುಂಬಾ ಓಡ್ತು. ಕ್ಯಾಮೆರಾ ಮುಂದೆ ಗಟಗಟ ಕುಡಿದು ಮುಂದಿನವರ ಹೆಸರು ಹೇಳಬೇಕು, ಅವರಿಗೆ 24 ಗಂಟೆ ಟೈಮು. ಐರ್ಲೆಂಡ್, ಬ್ರಿಟನ್‌ಗಳಲ್ಲಿ ಹುಡುಗರು ಸತ್ತರು. 2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್ ಯೂನಿವರ್ಸಿಟಿಯ ಒಂದು ಫ್ರಟರ್ನಿಟಿಗೆ ಹೊಸದಾಗಿ ಸೇರಿದ 19 ವರ್ಷದ ಹುಡುಗನಿಗೆ ಒಂದಾದ ಮೇಲೊಂದು ಕುಡಿಸಿದ್ರು. ಮೆಟ್ಟಿಲಿಂದ ಬಿದ್ದ. ಸುತ್ತ ಅಷ್ಟೊಂದು ಜನ ಇದ್ರೂ ಆಂಬುಲೆನ್ಸಿಗೆ ಫೋನ್ ಮಾಡೋಕೆ ಸುಮಾರು 12 ಗಂಟೆ ಬೇಕಾಯ್ತು. ಅವನು ಬದುಕಲಿಲ್ಲ. ಇವು ಐಸಿಂಗ್ ಅಲ್ಲ, ಗೊತ್ತು. ಆದ್ರೆ ಮೂರರಲ್ಲೂ ಅದೇ ಕಾಣುತ್ತೆ: ಒಬ್ಬ ಕುಡೀತಾನೆ, ಉಳಿದವರು ನೋಡ್ತಾರೆ, "ಸಾಕು ಬಿಡ್ರೋ" ಅನ್ನೋರು ಯಾರೂ ಇಲ್ಲ.

7/7
ಊರಲ್ಲಿರೋ ಫ್ರೆಂಡ್ಸ್, ಇದು ಅಮೆರಿಕದ ಹುಚ್ಚು ಅಂತ ಸ್ವೈಪ್ ಮಾಡಬೇಡಿ. "ನನ್ನಾಣೆ, ಒಂದೇ ಒಂದು ಪೆಗ್." "ಗಂಡಸಾಗಿದ್ರೆ ಎತ್ತು." ನಮ್ಮ ಹಾಸ್ಟೆಲಲ್ಲಿ ಕೇಳಿಲ್ವಾ? ಅಡ್ಮಿಷನ್ ಟೈಮಲ್ಲಿ ಓದದೇ ಸಹಿ ಹಾಕಿದ ರ‍್ಯಾಗಿಂಗ್ ವಿರೋಧಿ ಅಫಿಡವಿಟ್ ನೆನಪಿದೆಯಾ? ಅದರ ಹಿಂದಿರೋದು ಯುಜಿಸಿಯ 2009ರ ನಿಯಮ. ಒಬ್ಬ ವಿದ್ಯಾರ್ಥಿ ಸಾಮಾನ್ಯವಾಗಿ ಮಾಡದಿರೋ ಕೆಲಸವನ್ನ ಅವನ ಕೈಲಿ ಮಾಡಿಸಿ ನಾಚಿಕೆ, ಮುಜುಗರ ಆಗೋ ಹಾಗೆ ಮಾಡೋದೂ ರ‍್ಯಾಗಿಂಗೇ ಅನ್ನುತ್ತೆ ಅದು. 'ಪ್ರ್ಯಾಂಕ್' ಅಂತ ಹೆಸರಿಟ್ಟರೆ ಕೆಲಸ ಬದಲಾಗಲ್ಲ.

ಕುಡಿಯೋರಿಗೆ ಬೈತಿಲ್ಲ, ನಾನೂ ಕುಡೀತೀನಿ. ಕೇಳೋದು ಇಷ್ಟೇ. ಕೇಳಿ ಕೊಡಿ. "ಬೇಡ" ಅಂದ್ರೆ ಎರಡನೇ ಸಲ ಕೇಳಬೇಡಿ. ಅಂಥ ವಿಡಿಯೋ ಬಂದ್ರೆ ಲೈಕ್ ಒತ್ತೋ ಮುಂಚೆ ಮಂಡಿಯೂರಿದವನ ಮುಖ ನೋಡಿ.

ಅವನ ಹತ್ರ ಸಾರಿ ಕೇಳಿದ್ದೀನಿ, ಇದನ್ನ ಹಾಕೋಕೂ ಕೇಳಿಯೇ ಹಾಕ್ತಿದ್ದೀನಿ. "ಬಿಡೋ, ಆಯ್ತು" ಅಂದ. ಆದ್ರೂ ಡಬ್ಬಕ್ಕೆ ಕೈ ಹಾಕೋ ಮುಂಚೆ ಈಗಲೂ ಒಂದ್ಸಲ ಬಗ್ಗಿ ನೋಡ್ತಾನೆ.

#ಬೇಡಅಂದ್ರೆಬೇಡ #ಐಸಿಂಗ್ #ಹಾಸ್ಟೆಲ್‌ಲೈಫ್ #ಕನ್ನಡ